ಐದು ಸಾವಿರ ಪೌಂಡಿನ ಜೈಲು: ರಾಬರ್ಟ್ ಕ್ಯಾಸ್ಟೆಲ್ ಪ್ರಕರಣ

1728ರ ಡಿಸೆಂಬರ್ 12ರಂದು ಲಂಡನ್ನಿನಲ್ಲಿ ರಾಬರ್ಟ್ ಕ್ಯಾಸ್ಟೆಲ್ ಎಂಬ ವಾಸ್ತುಶಿಲ್ಪಿ ಸಿಡುಬಿನಿಂದ ಸತ್ತ. ಸಿಡುಬಿನ ಸಾವು ಆಗಿನ ಲಂಡನ್ನಿಗೆ ಹೊಸದೇನಲ್ಲ. ಆದರೆ ಕ್ಯಾಸ್ಟೆಲ್ ಸತ್ತ ಮನೆಯಲ್ಲಿ ಸಿಡುಬು ಹರಡಿದೆ ಎಂಬುದು ಅಲ್ಲಿಗೆ ಹೋಗುವ ಮೊದಲೇ ಅವನಿಗೆ ಗೊತ್ತಿತ್ತು. ತನಗೆ ಆ ರೋಗ ಒಮ್ಮೆಯೂ ಬಂದಿಲ್ಲ, ಅಲ್ಲಿಗೆ ಹಾಕಿದರೆ ಬದುಕುವುದಿಲ್ಲ ಎಂದು ಅವನು ಗೋಗರೆದಿದ್ದ. ಗೋಗರೆದದ್ದು ಫ್ಲೀಟ್ ಜೈಲಿನ ವಾರ್ಡನ್ ಥಾಮಸ್ ಬ್ಯಾಂಬ್ರಿಜ್ ಬಳಿ. ಬ್ಯಾಂಬ್ರಿಜ್ ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಲವೇ ದಿನಗಳಲ್ಲಿ ಹೆಣ ಬಿತ್ತು.

ಕ್ಯಾಸ್ಟೆಲ್ ಕೊಲೆಗಾರನಲ್ಲ, ಕಳ್ಳನೂ ಅಲ್ಲ. ಸಾಲ ತೀರಿಸಲಾಗದೆ ಸಿಕ್ಕಿಬಿದ್ದವನು.

ಈ ಪ್ರಕರಣವನ್ನು ಸಾಮಾನ್ಯವಾಗಿ ಒಬ್ಬ ದುಷ್ಟ ಜೈಲರನ ಕತೆಯಾಗಿ ಹೇಳುತ್ತಾರೆ. ಬ್ಯಾಂಬ್ರಿಜ್ ದುಷ್ಟನೇ, ಅದರಲ್ಲಿ ಅನುಮಾನ ಬೇಡ. ಆದರೆ ಅವನ ದುಷ್ಟತನ ಒಂದು ಲೆಕ್ಕದ ಪುಸ್ತಕದೊಳಗೆ ಕೂತಿತ್ತು. ಜೈಲನ್ನು ಅವನು ದುಡ್ಡು ಕೊಟ್ಟು ಕೊಂಡಿದ್ದ. ಹಾಕಿದ ದುಡ್ಡು ಹೊರಡಬೇಕಿತ್ತು. ಬೇಡಿ, ಕತ್ತಲೆ ಕೋಣೆ, ಸಿಡುಬಿನ ಮನೆ, ಇವೆಲ್ಲ ಆ ವಸೂಲಿಯ ಸಲಕರಣೆಗಳು. ಈ ಲೆಕ್ಕ ಬಿಡಿಸದೆ ಕ್ಯಾಸ್ಟೆಲ್ ಯಾಕೆ ಸತ್ತ ಎಂಬುದು ಅರ್ಥವಾಗುವುದಿಲ್ಲ. ಅವನನ್ನು ಕೊಂದವರು ಕೋರ್ಟಿನಲ್ಲಿ ಯಾಕೆ ಗೆದ್ದರು ಎಂಬುದಂತೂ ಅರ್ಥವಾಗುವುದೇ ಇಲ್ಲ.

ಮಾರಾಟದ ಹುದ್ದೆ

ಫ್ಲೀಟ್ ಜೈಲು ಲಂಡನ್ನಿನ ಬಹಳ ಹಳೆಯ ಜೈಲುಗಳಲ್ಲಿ ಒಂದು. 1197ರಲ್ಲಿ ಕಟ್ಟಿದ್ದು. ಪಕ್ಕದಲ್ಲಿ ಹರಿಯುತ್ತಿದ್ದ ಫ್ಲೀಟ್ ಎಂಬ ಸಣ್ಣ ನದಿಯಿಂದ ಆ ಹೆಸರು. ನದಿ ಆಮೇಲೆ ಊರಿನ ಕೊಳಚೆಯೆಲ್ಲ ಸೇರುವ ಮೋರಿಯಾಯಿತು. 1666ರ ದೊಡ್ಡ ಬೆಂಕಿಯಲ್ಲಿ ಜೈಲು ಸುಟ್ಟುಹೋಯಿತು. ಮತ್ತೆ ಕಟ್ಟಿದರು. ಹದಿನೆಂಟನೇ ಶತಮಾನದ ಹೊತ್ತಿಗೆ ಅಲ್ಲಿ ಇರುತ್ತಿದ್ದವರು ಹೆಚ್ಚಾಗಿ ಸಾಲಗಾರರು, ಜೊತೆಗೆ ಕೋರ್ಟಿನ ಆದೇಶ ಮೀರಿದವರು.

ಜೈಲಿನ ಮೇಲ್ವಿಚಾರಕನಿಗೆ ವಾರ್ಡನ್ ಎಂದು ಹೆಸರು. ಈ ಹುದ್ದೆಗೆ ಸರ್ಕಾರ ಸಂಬಳ ಕೊಟ್ಟು ಆಳನ್ನು ಇಡುತ್ತಿರಲಿಲ್ಲ. ಅದು ಆಸ್ತಿಯಂತೆ ಕೈಯಿಂದ ಕೈಗೆ ಹೋಗುತ್ತಿತ್ತು. 1713ರಲ್ಲಿ ಜಾನ್ ಹಗಿನ್ಸ್ ಎಂಬವನು 5,000 ಪೌಂಡ್ ಕೊಟ್ಟು ತನ್ನ ಮತ್ತು ತನ್ನ ಮಗನ ಜೀವಮಾನದವರೆಗೆ ವಾರ್ಡನ್ ಹುದ್ದೆ ಕೊಂಡುಕೊಂಡ. ಲಂಡನ್ನಿನ ಕೂಲಿಯವನೊಬ್ಬ ವರ್ಷವಿಡೀ ದುಡಿದರೂ 30 ಪೌಂಡ್ ಮುಟ್ಟುವುದು ಕಷ್ಟವಿದ್ದ ಕಾಲ ಅದು. 1728ರ ಆಗಸ್ಟ್‌ನಲ್ಲಿ ಹಗಿನ್ಸ್ ಅದೇ 5,000 ಪೌಂಡಿಗೆ ಹುದ್ದೆಯನ್ನು ಇಬ್ಬರಿಗೆ ಮಾರಿದ. ಒಬ್ಬ ಥಾಮಸ್ ಬ್ಯಾಂಬ್ರಿಜ್, ವೃತ್ತಿಯಿಂದ ವಕೀಲ. ಇನ್ನೊಬ್ಬ ಡೂಗಲ್ ಕಥ್‌ಬರ್ಟ್. ಹದಿನೈದು ವರ್ಷ ಜೈಲಿನ ಆದಾಯ ತಿಂದು, ಹಾಕಿದ ಅಸಲನ್ನೂ ಪೂರ್ತಿ ವಾಪಸ್ ತೆಗೆದುಕೊಂಡು ಹಗಿನ್ಸ್ ಹೊರಬಿದ್ದ ಎಂದಾಯಿತು. ಒಳ್ಳೆಯ ವ್ಯಾಪಾರ ಅಲ್ವಾ?

ನಮ್ಮ ಕಡೆ ಸಂತೆ ಸುಂಕ ಹರಾಜು ಹಿಡಿದವನನ್ನು ನೆನೆಸಿಕೊಳ್ಳಿ. ಹರಾಜಿನಲ್ಲಿ ಎಷ್ಟು ಕೂಗಿದ್ದಾನೋ ಅಷ್ಟನ್ನು ಸೊಪ್ಪಿನ ಗಂಟು, ಕೋಳಿ ಪಂಜರ, ಎಲ್ಲದರಿಂದಲೂ ಎತ್ತಲೇಬೇಕು. ಅದರ ಮೇಲೆ ಬಂದದ್ದು ಅವನ ಲಾಭ. ಫ್ಲೀಟ್ ಜೈಲಿನಲ್ಲಿ ಸುಂಕ ಕಟ್ಟುವವರು ಕೈದಿಗಳು. ಸಂತೆಗೆ ಬಂದವನು ಬೇಡವೆಂದರೆ ಗಂಟು ಎತ್ತಿಕೊಂಡು ಮನೆಗೆ ಹೋಗಬಹುದು. ಇವರು ಹೋಗುವ ಹಾಗಿರಲಿಲ್ಲ.

ಸಾಲಕ್ಕೆ ಜೈಲು ಅಂದರೆ ಏನು

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಆಗಿನ ಇಂಗ್ಲೆಂಡಿನಲ್ಲಿ ಸಾಲಕ್ಕಾಗಿ ಜೈಲಿಗೆ ಹಾಕುವುದು ಶಿಕ್ಷೆ ಅಲ್ಲ. ಇಷ್ಟು ತಿಂಗಳು, ಇಷ್ಟು ವರ್ಷ ಎಂಬ ಲೆಕ್ಕವೇ ಇಲ್ಲ. ಸಾಲ ಕೊಟ್ಟವನು ದೂರು ಕೊಟ್ಟರೆ ಸಾಲಗಾರನನ್ನು ಹಿಡಿದು ತರುತ್ತಿದ್ದರು. ತೀರಿಸುವವರೆಗೆ ಅಥವಾ ಸಾಲ ಕೊಟ್ಟವನ ಮನಸ್ಸು ಕರಗುವವರೆಗೆ ಅವನು ಒಳಗೆ ಇರಬೇಕು. ಒಳಗಿದ್ದವನು ದುಡಿಯುವುದು ಹೇಗೆ, ದುಡಿಯದವನು ತೀರಿಸುವುದು ಹೇಗೆ? ಈ ಪ್ರಶ್ನೆಯನ್ನು ಆಗಲೇ ಬಹಳ ಜನ ಕೇಳಿದ್ದರು.

ಕೈದಿಯ ಊಟ, ಹಾಸಿಗೆ, ಕೋಣೆಯ ಬಾಡಿಗೆ, ಬೀಗ ತೆಗೆಯುವವನ ಫೀಸು, ಎಲ್ಲ ಕೈದಿಯದೇ ಖರ್ಚು. ದುಡ್ಡಿದ್ದವರಿಗೆ ಒಂದು ಭಾಗ, ಇಲ್ಲದವರಿಗೆ ಇನ್ನೊಂದು ಭಾಗ. ಏನೂ ಇಲ್ಲದವರು ಬೀದಿಗೆ ತೆರೆದ ಕಂಬಿಯ ಕಿಟಕಿಯ ಬಳಿ ನಿಂತು ಹೋಗುವ ಬರುವವರ ಹತ್ತಿರ ಭಿಕ್ಷೆ ಬೇಡುತ್ತಿದ್ದರು.

ಇದಕ್ಕಿಂತ ಕೆಟ್ಟದ್ದು ಒಂದಿತ್ತು. ಸಾಲ ಕೊಟ್ಟವನೇ ಕರುಣೆ ತೋರಿ ಬಿಟ್ಟುಬಿಡಿ ಎಂದರೂ ಕೈದಿ ಹೊರಗೆ ಬರುವಂತಿರಲಿಲ್ಲ. ಜೈಲಿನ ಫೀಸು ಬಾಕಿ ಇದ್ದರೆ ಅದನ್ನು ತೀರಿಸಬೇಕು. ಹೊರಗಿನ ಸಾಲ ಮುಗಿದರೂ ಒಳಗಿನ ಸಾಲ ಬೆಳೆಯುತ್ತಲೇ ಇರುತ್ತಿತ್ತು. ಅಂದರೆ ಜೈಲರ್ ತಾನೇ ಒಬ್ಬ ಸಾಲ ಬರಬೇಕಾದವನು. ಸಾಲ ಬರಬೇಕಾದ ಉಳಿದವರಿಗೆ ಇಲ್ಲದ ಒಂದು ಅನುಕೂಲ ಅವನಿಗಿತ್ತು: ಸಾಲಗಾರನ ಮೈ ಅವನ ಕೈಯಲ್ಲೇ ಇತ್ತು.

ಕಾನೂನು ವಾರ್ಡನ್ನನ ಮೇಲೂ ಒಂದು ಭಾರ ಹೊರಿಸಿತ್ತು. ಸಾಲಗಾರ ತಪ್ಪಿಸಿಕೊಂಡರೆ ಅವನ ಸಾಲಕ್ಕೆ ವಾರ್ಡನ್ ಹೊಣೆ. ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಕೈದಿಗಳ ಪಾಲಿಗೆ ಇದೇ ಉರುಳಾಯಿತು. ಯಾಕಪ್ಪ ಬೇಡಿ ಹಾಕಿದೆ ಎಂದು ಯಾರಾದರೂ ಕೇಳಿದರೆ ವಾರ್ಡನ್ ಬಳಿ ಉತ್ತರ ತಯಾರಿತ್ತು: ಇವನು ಓಡಿಹೋದರೆ ಸಾಲ ನನ್ನ ತಲೆಗೆ ಬರುತ್ತದೆ.

ವಸೂಲಿಯ ದಾರಿ

ಸಾಲಗಾರನನ್ನು ಹಿಡಿದ ಕೂಡಲೇ ನೇರವಾಗಿ ಜೈಲಿಗೆ ಒಯ್ಯುತ್ತಿರಲಿಲ್ಲ. ಮೊದಲು ಸ್ಪಂಜಿಂಗ್ ಹೌಸ್ ಎಂಬ ಖಾಸಗಿ ಮನೆಗೆ ಕರೆದೊಯ್ಯುತ್ತಿದ್ದರು. ನಮ್ಮ ಕೋರ್ಟಿನ ಅಮೀನನಂಥ ನೌಕರನೊಬ್ಬ ಅದನ್ನು ನಡೆಸುತ್ತಿದ್ದ. ಫ್ಲೀಟ್‌ಗೆ ಸೇರಿದ ಅಂಥ ಒಂದು ಮನೆ ಕಾರ್ಬೆಟ್ ಎಂಬವನದು. ಅಲ್ಲಿ ಊಟ, ಕುಡಿತ, ಹಾಸಿಗೆ ಎಲ್ಲ ಸಿಗುತ್ತಿತ್ತು. ಎಲ್ಲದಕ್ಕೂ ದುಬಾರಿ ಬಿಲ್ಲು. ಮನೆಯವರು, ಸ್ನೇಹಿತರು ಸಾಲ ಹೊಂದಿಸಿ ತರುವಷ್ಟರಲ್ಲಿ ತಂದದ್ದರಲ್ಲಿ ಒಂದು ಪಾಲು ಅಲ್ಲೇ ಕರಗುತ್ತಿತ್ತು. ಬಿಲ್ಲು ಕಟ್ಟಲಾಗದವನಿಗೆ ಜೈಲು. ಜೈಲಿನ ಬಾಗಿಲಲ್ಲಿ ಒಳಬರುವ ಫೀಸು.

ಒಳಗೆ ಬಂದ ಮೇಲೆ ಇನ್ನೊಂದು ಸೌಕರ್ಯ ಮಾರಾಟಕ್ಕಿತ್ತು. ಜೈಲಿನ ಸುತ್ತ ಕೆಲವು ಬೀದಿಗಳನ್ನು ಫ್ಲೀಟಿನ ‘ರೂಲ್ಸ್’ ಎಂದು ಕರೆಯುತ್ತಿದ್ದರು. ಜಾಮೀನು ಕೊಟ್ಟು, ವಾರ್ಡನ್ನನ ಕೈ ಬೆಚ್ಚಗೆ ಮಾಡಿದರೆ ಆ ಬೀದಿಗಳಲ್ಲಿ ಮನೆ ಮಾಡಿಕೊಂಡು ಇರಬಹುದು. ಹೆಂಡತಿ ಮಕ್ಕಳ ಜೊತೆ ಬದುಕಬಹುದು, ಏನಾದರೂ ಕೆಲಸ ಮಾಡಿಕೊಳ್ಳಬಹುದು. ಒಮ್ಮೆ ಕೊಟ್ಟರೆ ಮುಗಿಯಿತು ಎಂದಲ್ಲ. ವಾರ್ಡನ್ ಆಗಾಗ ‘ಕಾಣಿಕೆ’ ಕೇಳುತ್ತಿದ್ದ. ಕೊಡದಿದ್ದರೆ ಜಾಮೀನಿನಲ್ಲಿ ಏನೋ ಒಂದು ತಕರಾರು ತೆಗೆದು ಒಳಗೆ ಎಳೆಯುವುದು. ಒಳಗೆ ಎಳೆದರೆ ಮತ್ತೆ ಸ್ಪಂಜಿಂಗ್ ಹೌಸ್, ಮತ್ತೆ ಬಿಲ್ಲು, ಮತ್ತೆ ಒಳಬರುವ ಫೀಸು. ಈ ಚಕ್ರ ಎಷ್ಟು ಸಲ ತಿರುಗಿದರೆ ಅಷ್ಟು ಲಾಭ.

ದುಡ್ಡು ಧಾರಾಳವಾಗಿದ್ದವರಿಗೆ ಗೋಡೆಯೇ ಇರಲಿಲ್ಲ. ಹಗಿನ್ಸ್ ಕಾಲದಲ್ಲಿ ಥಾಮಸ್ ಡುಮೇ ಎಂಬ ಕೈದಿ ಕಾಗದದ ಮೇಲೆ ಫ್ಲೀಟ್ ಜೈಲಿನಲ್ಲಿದ್ದುಕೊಂಡೇ ಹಲವು ಸಲ ಫ್ರಾನ್ಸಿಗೆ ಹೋಗಿ ವೈನ್ ವ್ಯಾಪಾರ ಮಾಡಿ ಬಂದಿದ್ದ. ತನ್ನ ಕಾಲದಲ್ಲಿ ಎಷ್ಟು ಜನ ತಪ್ಪಿಸಿಕೊಂಡರು ಎಂದು ಕೇಳಿದಾಗ, ಲೆಕ್ಕ ಇಟ್ಟಿಲ್ಲ, ಎಣಿಸಲು ಆಗದಷ್ಟು ಜನ ಎಂದು ಹಗಿನ್ಸ್ ಒಪ್ಪಿಕೊಂಡ. ಬ್ಯಾಂಬ್ರಿಜ್ ಇನ್ನೂ ಮುಂದೆ ಹೋದ. ಜೈಲಿನ ಗೋಡೆಗೆ ಒಂದು ಗುಟ್ಟಿನ ಬಾಗಿಲು ಇಡಿಸಿದ. ಬಾಯ್ಸ್ ಎಂಬ ಕಳ್ಳಸಾಗಣೆದಾರನ ಮೇಲೆ ರಾಜನ ಖಜಾನೆಗೆ ಸೇರಬೇಕಾದ 30,000 ಪೌಂಡಿಗೂ ಜಾಸ್ತಿ ಬಾಕಿ ಇತ್ತು. ಅವನನ್ನು ಆ ಬಾಗಿಲಿನಿಂದ ಬ್ಯಾಂಬ್ರಿಜ್ ತಾನೇ ಹಲವು ಸಲ ಹೊರಗೆ ಬಿಟ್ಟಿದ್ದ.

ಅದೇ ಬ್ಯಾಂಬ್ರಿಜ್ ಇನ್ನೊಬ್ಬ ಕೈದಿಯನ್ನು ಹೇಗೆ ನೋಡಿಕೊಂಡ ನೋಡಿ. ಜೇಕಬ್ ಮೆಂಡೆಜ್ ಸೋಲಾಸ್, ಪೋರ್ಚುಗೀಸಿನವನು. ಇವನನ್ನು ‘ಸ್ಟ್ರಾಂಗ್ ರೂಮ್’ ಎಂಬ ಕೋಣೆಗೆ ಹಾಕಿದ. ಅದು ಹೆಣ ಇಡುವ ನೆಲಮಾಳಿಗೆಯಂಥ ಜಾಗ. ಜೈಲಿನಲ್ಲಿ ಸತ್ತವರನ್ನು ವಿಚಾರಣೆ ಮುಗಿಯುವವರೆಗೆ ಅಲ್ಲೇ ಇಡುತ್ತಿದ್ದರು. ಒಲೆ ಇಲ್ಲ, ಹೊಗೆಗಂಡಿ ಇಲ್ಲ. ಬಾಗಿಲ ಮೇಲಿನ ಸಂದು ಮತ್ತು ಎಂಟು ಅಂಗುಲದ ಒಂದು ಕಿಂಡಿ ಬಿಟ್ಟರೆ ಬೆಳಕಿಲ್ಲ. ನೆಲಕ್ಕೆ ಹಲಗೆ ಹಾಸಿಲ್ಲ, ಕಲ್ಲೂ ಹಾಸಿಲ್ಲ. ಪಕ್ಕದಲ್ಲೇ ಕೊಳಚೆ. ಅಲ್ಲಿ ಕೈಗೆ ಕೋಳ, ಕಾಲಿಗೆ ಬೇಡಿ ತೊಟ್ಟು ಸೋಲಾಸ್ ಸುಮಾರು ಎರಡು ತಿಂಗಳು ಕಳೆದ. ಸಾಲದ ಕೈದಿಗೆ ಬೇಡಿ ಹಾಕಲು ಕಾನೂನಿನಲ್ಲಿ ಅವಕಾಶವಿರಲಿಲ್ಲ. ಫ್ಲೀಟಿನಲ್ಲಿ ಬೇಡಿ ತೊಟ್ಟ ಮೊದಲ ಸಾಲಗಾರರಲ್ಲಿ ಇವನೂ ಒಬ್ಬ ಎಂದು ತನಿಖೆಯ ವರದಿ ಹೇಳುತ್ತದೆ.

ಬಾಯ್ಸ್‌ಗೆ ಬಾಗಿಲು, ಸೋಲಾಸ್‌ಗೆ ಬೇಡಿ. ಬಾಕಿ ಯಾರದು ದೊಡ್ಡದು, ಓಡಿಹೋಗುವ ಭಯ ಯಾರಿಂದ ಜಾಸ್ತಿ ಎಂದು ಯೋಚಿಸಿದರೆ ಬೇಡಿ ಯಾರಿಗೆ ಬೀಳಬೇಕಿತ್ತು? ಭದ್ರತೆಯ ಮಾತೆಲ್ಲ ನೆಪ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕ್ಯಾಸ್ಟೆಲ್‌ಗೆ ಆದದ್ದು

ಕ್ಯಾಸ್ಟೆಲ್ ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದವನು. ಓದಿಕೊಂಡವನು. ಪುರಾತನ ರೋಮನ್ನರ ಹಳ್ಳಿಮನೆಗಳು ಹೇಗಿದ್ದವು ಎಂಬುದರ ಬಗ್ಗೆ, ಪ್ಲಿನಿ ಎಂಬ ರೋಮನ್ ಲೇಖಕನ ಪತ್ರಗಳನ್ನು ಆಧರಿಸಿ, ದೊಡ್ಡ ಪುಸ್ತಕ ಬರೆದಿದ್ದ. ಅದು ಅಚ್ಚಾದದ್ದು 1728ರಲ್ಲೇ. ಲಾರ್ಡ್ ಬರ್ಲಿಂಗ್‌ಟನ್‌ಗೆ ಅರ್ಪಿಸಿದ್ದ. ಮುಂಗಡ ಕೊಟ್ಟು ಪ್ರತಿ ಕಾದಿರಿಸಿದವರಲ್ಲಿ ಜೇಮ್ಸ್ ಓಗಲ್‌ಥಾರ್ಪ್ ಎಂಬ ಪಾರ್ಲಿಮೆಂಟ್ ಸದಸ್ಯನೂ ಇದ್ದ. ಆ ಸ್ನೇಹ ಮುಂದೆ ಕೆಲಸಕ್ಕೆ ಬಂತು. ಕ್ಯಾಸ್ಟೆಲ್‌ಗೆ ಮಾತ್ರ ಬರಲಿಲ್ಲ.

ಸಾಲಕ್ಕೆ ಸಿಕ್ಕಿದ ಕ್ಯಾಸ್ಟೆಲ್‌ನನ್ನು ಎಲ್ಲರಂತೆ ಮೊದಲು ಕಾರ್ಬೆಟ್‌ನ ಮನೆಗೆ ಒಯ್ದರು. ಅವನು ಜಾಮೀನು ಹೊಂದಿಸಿ ರೂಲ್ಸ್‌ನಲ್ಲಿ ಇರುವ ಅನುಮತಿ ಪಡೆದ. ಬ್ಯಾಂಬ್ರಿಜ್‌ಗೆ ಹಲವು ಸಲ ಕಾಣಿಕೆಯನ್ನೂ ಕೊಟ್ಟ. ಕೇಳುವುದು ನಿಲ್ಲಲಿಲ್ಲ. ಕೊನೆಗೊಮ್ಮೆ ಇನ್ನು ನನ್ನಿಂದ ಆಗುವುದಿಲ್ಲ ಎಂದ. ಬ್ಯಾಂಬ್ರಿಜ್ ಅವನನ್ನು ಮತ್ತೆ ಕಾರ್ಬೆಟ್‌ನ ಮನೆಗೆ ಹಾಕಲು ಹೇಳಿದ. ಆಗ ಅಲ್ಲಿ ಸಿಡುಬು ಎದ್ದಿತ್ತು.

ಕ್ಯಾಸ್ಟೆಲ್ ಏನೆಂದು ಬೇಡಿಕೊಂಡ ಎಂಬುದು ಪಾರ್ಲಿಮೆಂಟಿನ ವರದಿಯಲ್ಲಿ ದಾಖಲಾಗಿದೆ. ನನಗೆ ಇಡೀ ಪ್ರಕರಣದಲ್ಲಿ ಬಹಳ ಮುಖ್ಯ ಅನ್ನಿಸುವುದು ಇದೇ. ನನಗೆ ಸಿಡುಬು ಬಂದಿಲ್ಲ, ಅದೆಂದರೆ ಭಯ, ಆ ಮನೆಗೆ ಹಾಕಿದರೆ ಸಾಯುತ್ತೇನೆ ಎಂದ. ಅಷ್ಟಕ್ಕೇ ನಿಲ್ಲಿಸಲಿಲ್ಲ. ವ್ಯವಹಾರಗಳನ್ನು ಸರಿಮಾಡುವ ಮೊದಲೇ ಸತ್ತರೆ ಸಾಲ ಕೊಟ್ಟವರಿಗೆ ದೊಡ್ಡ ನಷ್ಟ, ನನ್ನ ಸಂಸಾರ ಬೀದಿಪಾಲು ಎಂದ. ಬೇರೆ ಯಾವುದಾದರೂ ಮನೆಗೆ ಕಳಿಸಿ, ಇಲ್ಲವೇ ಜೈಲಿನೊಳಕ್ಕೇ ಹಾಕಿಬಿಡಿ, ಅದನ್ನೇ ಉಪಕಾರ ಎಂದುಕೊಳ್ಳುತ್ತೇನೆ ಎಂದ.

ಫ್ಲೀಟ್ ಜೈಲಿನೊಳಕ್ಕೆ ಹಾಕುವುದನ್ನು ಉಪಕಾರ ಎಂದು ಕೇಳುವ ಸ್ಥಿತಿ!

ಸಾಲ ಕೊಟ್ಟವರ ಮಾತು ಎತ್ತಿದ್ದು ಸುಮ್ನೆ ಅಲ್ಲ. ಇಡೀ ಬಂಧನಕ್ಕೆ ಕಾನೂನು ಕೊಡುತ್ತಿದ್ದ ಕಾರಣ ಸಾಲ ಕೊಟ್ಟವರ ಹಿತ. ಕ್ಯಾಸ್ಟೆಲ್ ಆ ಕಾರಣವನ್ನೇ ಹಿಡಿದು ವಾದ ಮಾಡಿದ. ನಾನು ಬದುಕಿದ್ದರೆ ಅವರಿಗೆ ಏನಾದರೂ ಸಿಗುತ್ತದೆ, ಸತ್ತರೆ ಏನೂ ಇಲ್ಲ. ಲೆಕ್ಕ ಸರಿಯಾಗಿತ್ತು. ಆದರೆ ಬ್ಯಾಂಬ್ರಿಜ್‌ನ ಲೆಕ್ಕವೇ ಬೇರೆ. ಕೈದಿಯ ಜೇಬಿನಿಂದ ಬಂದ ಪ್ರತಿ ಪೌಂಡೂ ಸಾಲ ಕೊಟ್ಟವರಿಗೆ ಸಿಗಬಹುದಾಗಿದ್ದ ಪೌಂಡು. ಜೈಲರ್ ಕೈದಿಯನ್ನಷ್ಟೇ ಅಲ್ಲ, ಯಾರ ಹೆಸರಿನಲ್ಲಿ ಕೈದಿಯನ್ನು ಹಿಡಿದಿಟ್ಟಿದ್ದನೋ ಅವರನ್ನೂ ದೋಚುತ್ತಿದ್ದ.

ಇನ್ನೂ ಒಂದು ಮಾತು ವರದಿಯಲ್ಲಿದೆ. ಕ್ಯಾಸ್ಟೆಲ್‌ನ ಸ್ಥಿತಿ ನೋಡಿ ಬ್ಯಾಂಬ್ರಿಜ್‌ನ ಸ್ವಂತ ಆಳುಗಳಿಗೇ ಕನಿಕರ ಬಂತು. ಬೇಡ ಎಂದು ಅವರೂ ಬುದ್ಧಿ ಹೇಳಿದರು. ಬ್ಯಾಂಬ್ರಿಜ್ ಕೇಳಲಿಲ್ಲ. ಅವನ ಕಡೆಯಿಂದ ನೋಡಿದರೆ ಕೇಳುವ ಹಾಗೂ ಇರಲಿಲ್ಲ. ಒಬ್ಬ ಕೊಡುವುದಿಲ್ಲ ಎಂದು ದಕ್ಕಿಸಿಕೊಂಡರೆ ರೂಲ್ಸ್‌ನಲ್ಲಿದ್ದ ಉಳಿದವರೆಲ್ಲ ಅದೇ ಹಾದಿ ಹಿಡಿಯುತ್ತಾರೆ. ಅವನಿಗೆ ಬೇಕಿದ್ದದ್ದು ಕ್ಯಾಸ್ಟೆಲ್‌ನ ಸಾವಲ್ಲ, ಉಳಿದವರ ಹೆದರಿಕೆ ಎಂದು ನನ್ನ ಎಣಿಕೆ. 

ಕ್ಯಾಸ್ಟೆಲ್ ಸಾಯುವ ಮುಂಚೆ ತನ್ನ ಸಾವಿಗೆ ಬ್ಯಾಂಬ್ರಿಜ್ ಕಾರಣ ಎಂದು ಹೇಳಿದ. ಹೆಂಡತಿ ಮೇರಿ ಮತ್ತು ಚಿಕ್ಕ ಮಕ್ಕಳು ದಿಕ್ಕಿಲ್ಲದಂತಾದರು.

ಪಾರ್ಲಿಮೆಂಟಿನವರು ಬಂದರು

ಸ್ನೇಹಿತನ ಸಾವಿನಿಂದ ಕೆರಳಿದ ಓಗಲ್‌ಥಾರ್ಪ್ ವಿಷಯವನ್ನು ಕಾಮನ್ಸ್ ಸಭೆಗೆ ತಂದ. 1729ರ ಫೆಬ್ರುವರಿಯಲ್ಲಿ ಜೈಲುಗಳ ತನಿಖೆಗೆ ಸಮಿತಿ ಆಯಿತು. ಅವನೇ ಅಧ್ಯಕ್ಷ. ಕೆಲವೇ ದಿನಗಳಲ್ಲಿ ಸಮಿತಿಯವರು ಫ್ಲೀಟ್ ಜೈಲಿಗೆ ಹೋದರು. ಅಲ್ಲಿ ಸರ್ ವಿಲಿಯಂ ರಿಚ್ ಎಂಬ ಬ್ಯಾರೊನೆಟ್ ಬೇಡಿಯಲ್ಲಿದ್ದ. ಬಡವರ ಕಾಲಿನ ಬೇಡಿಗಿಂತ ಬಿರುದಿದ್ದವನ ಕಾಲಿನ ಬೇಡಿ ಪಾರ್ಲಿಮೆಂಟಿಗೆ ಬೇಗ ಕಾಣಿಸಿರಬೇಕು. ಇದು ನನ್ನ ಕೊಂಕು, ಬಿಡಿ.

ಸೋಲಾಸ್ ಕೂಡ ಸಮಿತಿಯ ಮುಂದೆ ಬಂದ. ಮಾತಿನ ನಡುವೆ ಬ್ಯಾಂಬ್ರಿಜ್ ಮತ್ತೆ ವಾರ್ಡನ್ ಆಗಿ ಬರುತ್ತಾನೇನೋ ಎಂಬ ಅನುಮಾನ ಅವನಿಗೆ ಬಂತು. ಅಷ್ಟಕ್ಕೇ ಎಚ್ಚರ ತಪ್ಪಿ ಬಿದ್ದ. ಬಾಯಿ ಮೂಗಿನಿಂದ ರಕ್ತ ಬಂತು. ಸಮಿತಿಯವರು ಇದನ್ನು ಕಣ್ಣಾರೆ ಕಂಡು ವರದಿಯಲ್ಲಿ ಬರೆದರು.

ಮಾರ್ಚ್ 20ರಂದು ವರದಿ ಸಭೆಯ ಮುಂದೆ ಬಂತು. ಬ್ಯಾಂಬ್ರಿಜ್, ಹಗಿನ್ಸ್ ಮತ್ತು ಅವರ ಆಳುಗಳನ್ನು ನ್ಯೂಗೇಟ್ ಜೈಲಿಗೆ ಕಳಿಸಿ ವಿಚಾರಣೆ ನಡೆಸಬೇಕೆಂದು ಸಭೆ ತೀರ್ಮಾನಿಸಿತು. ಬ್ಯಾಂಬ್ರಿಜ್‌ನನ್ನು ವಾರ್ಡನ್ ಹುದ್ದೆಯಿಂದ ತೆಗೆಯಲು ಅವನ ಹೆಸರು ಹಿಡಿದೇ ಒಂದು ಕಾಯಿದೆ ಮಾಡಬೇಕಾಯಿತು. ಯಾಕೆಂದರೆ ಹುದ್ದೆ ಅವನು ದುಡ್ಡು ಕೊಟ್ಟು ಕೊಂಡ ಆಸ್ತಿ. ನೌಕರನನ್ನು ವಜಾ ಮಾಡಿದಂತೆ ಮಾಡಲು ಬರುತ್ತಿರಲಿಲ್ಲ.

ಸಮಿತಿಯನ್ನು ವಿಲಿಯಂ ಹೋಗಾರ್ತ್ ಎಂಬ ಕಲಾವಿದ ಚಿತ್ರವಾಗಿ ಬರೆದ. ಹೋಗಾರ್ತ್‌ಗೆ ಫ್ಲೀಟ್ ಗೊತ್ತಿಲ್ಲದ ಜಾಗವಲ್ಲ. ಅವನ ಅಪ್ಪ ರಿಚರ್ಡ್ ಲ್ಯಾಟಿನ್ ಪಂಡಿತ. ಲ್ಯಾಟಿನ್‌ನಲ್ಲೇ ಮಾತಾಡಬೇಕಾದ ಕಾಫಿ ಅಂಗಡಿ ಇಟ್ಟು ಮುಳುಗಿ, ಸಾಲಕ್ಕೆ ಸಿಕ್ಕಿ ಕೆಲವು ವರ್ಷ ಫ್ಲೀಟಿನ ವಶದಲ್ಲೇ ಇದ್ದ. ಆಗ ಹುಡುಗನಾಗಿದ್ದವನು ಮುಂದೆ ಬ್ಯಾಂಬ್ರಿಜ್‌ನ ಮುಖ ಬರೆದ.

ಸಮಿತಿ ಫ್ಲೀಟ್‌ಗೆ ನಿಲ್ಲಲಿಲ್ಲ. ಥೇಮ್ಸ್ ನದಿಯ ಆಚೆ ದಡದ ಮಾರ್ಷಲ್ಸೀ ಜೈಲಿಗೂ ಹೋಯಿತು. ಅಲ್ಲಿ ವಸೂಲಿ ಇನ್ನೂ ಒಂದು ಕೈ ಮುಂದೆ. ಜೈಲನ್ನು ವಿಲಿಯಂ ಆಕ್ಟನ್ ಎಂಬ ಕಟುಕ ವರ್ಷಕ್ಕೆ 400 ಪೌಂಡಿನ ಗುತ್ತಿಗೆಗೆ ಹಿಡಿದಿದ್ದ. ಬಡ ಕೈದಿಗಳ ಭಾಗದಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಹಸಿವಿನಲ್ಲಿ ಬಿದ್ದಿದ್ದರು. ಸಾವಿಲ್ಲದ ದಿನವೇ ಅಪರೂಪ, ಬಿಸಿಲು ಏರುತ್ತಿದ್ದಂತೆ ದಿನಕ್ಕೆ ಎಂಟು ಹತ್ತು ಜನ ಸಾಯುವುದುಂಟು ಎಂದು ವರದಿ ಹೇಳಿತು. ಥಾಮಸ್ ಬ್ಲಿಸ್ ಎಂಬ ಬಡಗಿ ಹಸಿವು ತಾಳದೆ ಹಗ್ಗ ಕಟ್ಟಿ ಇಳಿದು ಓಡಲು ನೋಡಿದ. ಸಿಕ್ಕಿಬಿದ್ದ. ಅವನಿಗೆ ಹೆಬ್ಬೆರಳು ಹಿಂಡುವ ತಿರುಪು, ತಲೆಗೆ ಕಬ್ಬಿಣದ ಟೋಪಿ, ಭಾರದ ಬೇಡಿ, ಎಲ್ಲ ಹಾಕಿದರು. ಬಿಡುಗಡೆಯಾದ ಮೇಲೆ ಆಸ್ಪತ್ರೆಯಲ್ಲಿ ಸತ್ತ.

ಎಲ್ಲರೂ ಬಿಡುಗಡೆ

ಇಷ್ಟೆಲ್ಲ ಸಾಕ್ಷಿ ಸಿಕ್ಕ ಮೇಲೆ ಶಿಕ್ಷೆ ಖಚಿತ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದದ್ದು ಬೇರೆ.

1729ರ ಮೇ ತಿಂಗಳಲ್ಲಿ ಓಲ್ಡ್ ಬೇಲಿ ಕೋರ್ಟಿನಲ್ಲಿ ಕ್ಯಾಸ್ಟೆಲ್ ಕೊಲೆಯ ಆರೋಪದ ಮೇಲೆ ಬ್ಯಾಂಬ್ರಿಜ್‌ನ ವಿಚಾರಣೆ ನಡೆಯಿತು. ಜ್ಯೂರಿ ನಿರ್ದೋಷಿ ಎಂದಿತು. ಮೇರಿ ಕ್ಯಾಸ್ಟೆಲ್ ಬಿಡಲಿಲ್ಲ. ಸತ್ತವನ ಹೆಂಡತಿ ತಾನೇ ಕೊಲೆಯ ದಾವೆ ಹೂಡುವ ಹಳೆಯ ದಾರಿಯೊಂದು ಆಗಿನ್ನೂ ಉಳಿದಿತ್ತು. ಅದನ್ನು ಹಿಡಿದು ಬ್ಯಾಂಬ್ರಿಜ್ ಮತ್ತು ಕಾರ್ಬೆಟ್ ಇಬ್ಬರನ್ನೂ ಮತ್ತೆ ಕೋರ್ಟಿಗೆ ಎಳೆದಳು. 1730ರ ಜನವರಿಯಲ್ಲಿ ಇಬ್ಬರೂ ನಿರ್ದೋಷಿಗಳೆಂದು ತೀರ್ಪಾಯಿತು. ನಡುವೆ ಒಬ್ಬ ಮಹಿಳೆಯ ಸಾಮಾನು ಕದ್ದ ಆರೋಪವೂ ಬ್ಯಾಂಬ್ರಿಜ್ ಮೇಲೆ ಬಂದಿತ್ತು. ಅದರಲ್ಲೂ ಪಾರಾದ. ಆ ಕಡೆ ಆಕ್ಟನ್ ಮೇಲೆ ಬ್ಲಿಸ್ ಸೇರಿ ನಾಲ್ಕು ಕೈದಿಗಳ ಕೊಲೆಯ ಆರೋಪ ಇತ್ತು. ನಾಲ್ಕರಲ್ಲೂ ಬಿಡುಗಡೆ.

ಹಗಿನ್ಸ್‌ನ ಮೊಕದ್ದಮೆ ಇವೆಲ್ಲಕ್ಕಿಂತ ಸ್ವಾರಸ್ಯ. ಅವನು ವಾರ್ಡನ್ ಆಗಿದ್ದಾಗ, 1725ರಲ್ಲಿ, ಎಡ್ವರ್ಡ್ ಆರ್ನ್ ಎಂಬ ಕೈದಿಯನ್ನು ಹಸಿ ಗೋಡೆಯ ಸ್ಟ್ರಾಂಗ್ ರೂಮಿಗೆ ಹಾಕಿದ್ದರು. ಆರ್ನ್ ಅಲ್ಲೇ ಸತ್ತ. ಹಾಕಿದವನು ಜೇಮ್ಸ್ ಬಾರ್ನ್ಸ್ ಎಂಬ ಆಳು. ವಿಚಾರಣೆಯ ಹೊತ್ತಿಗೆ ಅವನು ತಲೆ ಮರೆಸಿಕೊಂಡಿದ್ದ. ಆಳು ಮಾಡಿದ್ದಕ್ಕೆ ಯಜಮಾನ ಕೊಲೆಗಾರನಾಗುತ್ತಾನೆಯೇ ಎಂಬ ಪ್ರಶ್ನೆ ಕಿಂಗ್ಸ್ ಬೆಂಚ್ ನ್ಯಾಯಮೂರ್ತಿಗಳ ಮುಂದೆ ಹೋಯಿತು. ಆಗುವುದಿಲ್ಲ ಎಂದರು. ಯಜಮಾನ ಹೇಳಿ ಮಾಡಿಸಿರಬೇಕು, ಇಲ್ಲವೇ ಗೊತ್ತಿದ್ದು ಒಪ್ಪಿರಬೇಕು. ಆಳಿನ ತಪ್ಪಿಗೆ ಯಜಮಾನ ದುಡ್ಡಿನ ನಷ್ಟ ತುಂಬಬೇಕಾದೀತು, ನೇಣಿಗೆ ಹೋಗಬೇಕಿಲ್ಲ. ಕಾನೂನು ಓದುವವರು ಈ ತೀರ್ಪನ್ನು ಇವತ್ತಿಗೂ ಓದುತ್ತಾರೆ.

ತತ್ವವಾಗಿ ನೋಡಿದರೆ ತೀರ್ಪು ಸರಿ ಎಂದೇ ಹೇಳಬೇಕು. ಬೇರೆಯವನು ಮಾಡಿದ ಕೊಲೆಗೆ ನನ್ನನ್ನು ನೇಣಿಗೆ ಹಾಕಬಾರದು. ಆದರೆ ಇದು ಜೈಲಿನ ವ್ಯಾಪಾರಕ್ಕೆ ಎಷ್ಟು ಹೊಂದಿಕೊಂಡಿತು ನೋಡಿ. ಮೇಲಿನವನು ಹುದ್ದೆ ಕೊಳ್ಳುತ್ತಾನೆ, ಕೆಳಗಿನವನಿಗೆ ಗುತ್ತಿಗೆ ಕೊಡುತ್ತಾನೆ. ಕೆಳಗಿನವನು ಬೀಗ ತಿರುಗಿಸುತ್ತಾನೆ. ದುಡ್ಡು ಮೇಲಕ್ಕೆ ಹೋಗುತ್ತದೆ, ತಪ್ಪು ಕೆಳಗೇ ಉಳಿಯುತ್ತದೆ. ಕೆಳಗಿನವನು ಓಡಿಹೋದರೆ ಯಾರೂ ತಪ್ಪಿತಸ್ಥರಲ್ಲ.

ಕ್ಯಾಸ್ಟೆಲ್ ವಿಷಯದಲ್ಲಿ ಹೀಗೆ ಹೇಳಲು ಬರುತ್ತಿರಲಿಲ್ಲ. ಅಲ್ಲಿ ಕಳಿಸಿದವನು ಬ್ಯಾಂಬ್ರಿಜ್ ತಾನೇ. ಅಲ್ಲಿ ಕಾನೂನೂ ಕೈದಿಯ ಪರವಾಗಿತ್ತು. ಸಿಡುಬು ಇರುವ ಜಾಗ ಎಂದು ತಿಳಿದೂ, ರೋಗ ಬಂದಿರದ ಕೈದಿಯನ್ನು ಅವನ ಇಷ್ಟಕ್ಕೆ ವಿರುದ್ಧವಾಗಿ ಅಲ್ಲಿಟ್ಟು, ಅವನು ಸತ್ತರೆ ಅದು ಕೊಲೆ ಎಂಬ ಸೂತ್ರ ಇದೇ ಮೊಕದ್ದಮೆಯಿಂದ ಇಂಗ್ಲಿಷ್ ಕಾನೂನು ಪುಸ್ತಕಗಳಿಗೆ ಸೇರಿತು. ಆದರೆ ತಿಳಿದಿತ್ತೇ, ಇಷ್ಟಕ್ಕೆ ವಿರುದ್ಧವಾಗಿತ್ತೇ ಎಂಬುದನ್ನು ತೀರ್ಮಾನಿಸಬೇಕಾದವರು ಜ್ಯೂರಿಗಳು. ಪಾರ್ಲಿಮೆಂಟಿನ ಸಮಿತಿ ನಂಬಿದ ಕತೆಯನ್ನು ಅವರು ನಂಬಲಿಲ್ಲ. ಮೇರಿಯ ಗಂಡನ ಹೆಸರಿನಲ್ಲಿ ಸೂತ್ರ ಉಳಿಯಿತು, ಶಿಕ್ಷೆ ಆಗಲಿಲ್ಲ.

ಸುಲಿಗೆಯ ಆರೋಪವನ್ನೇ ಮುಂದಿಟ್ಟಿದ್ದರೆ ಸಿಕ್ಕಿಬೀಳುತ್ತಿದ್ದನೇನೋ ಎಂದು ನನಗೆ ಅನ್ನಿಸುತ್ತದೆ. ಕೊಲೆ ಎಂದ ಕೂಡಲೇ ಪ್ರಶ್ನೆ ಒಬ್ಬನ ಮನಸ್ಸಿನ ಮೇಲೆ ಹೋಯಿತು. ದುಡ್ಡಿನ ದಾರಿ ಬದಿಗೆ ಸರಿಯಿತು.

ಆಮೇಲೆ

1729ರಲ್ಲೇ ಪಾರ್ಲಿಮೆಂಟ್ ಸಾಲಗಾರರಿಗೆ ನೆರವಾಗುವ ಕಾಯಿದೆಗಳನ್ನು ಮಾಡಿತು. ಸಾವಿರಾರು ಜನ ಬಿಡುಗಡೆಯಾದರು. ಫೀಸಿನ ಪಟ್ಟಿ ಹೊಸದಾಗಿ ಬಂತು. ಫೀಸು ಮಾತ್ರ ಹೋಗಲಿಲ್ಲ.

ಬಿಡುಗಡೆಯಾದ ಬಡವರು ಎಲ್ಲಿಗೆ ಹೋಗಬೇಕು ಎಂಬ ಚಿಂತೆ ಓಗಲ್‌ಥಾರ್ಪ್‌ನನ್ನು ಅಮೆರಿಕದ ಕಡೆ ತಿರುಗಿಸಿತು. 1732ರಲ್ಲಿ ಜಾರ್ಜಿಯಾ ವಸಾಹತಿಗೆ ರಾಜನ ಸನ್ನದು ಸಿಕ್ಕಿತು. 1733ರ ಫೆಬ್ರುವರಿಯಲ್ಲಿ ಅವನು ಸವಾನಾ ಊರನ್ನು ಕಟ್ಟಲು ಶುರು ಮಾಡಿದ. ಜಾರ್ಜಿಯಾ ಸಾಲಗಾರರಿಂದ ತುಂಬಿದ ನಾಡು ಎಂಬ ಮಾತು ಈಗಲೂ ಕೇಳುತ್ತದೆ. ಅದು ಸರಿಯಲ್ಲ. ಸಾಲದ ಜೈಲಿನಿಂದ ನೇರವಾಗಿ ಅಲ್ಲಿಗೆ ಹೋದವರು ತೀರಾ ಕಡಿಮೆ.

ಫ್ಲೀಟ್ ಜೈಲು ಇನ್ನೂ ನೂರು ವರ್ಷ ನಡೆಯಿತು. 1780ರ ದೊಂಬಿಯಲ್ಲಿ ಜನ ಅದಕ್ಕೆ ಬೆಂಕಿ ಇಟ್ಟರು, ಮತ್ತೆ ಕಟ್ಟಿದರು. 1842ರಲ್ಲಿ ಮುಚ್ಚಿದರು, 1846ರಲ್ಲಿ ಕೆಡವಿದರು. ಸಾಲಕ್ಕೆ ಜೈಲು ಎಂಬುದನ್ನು ಇಂಗ್ಲೆಂಡ್ ಬಹುಮಟ್ಟಿಗೆ ಕೈಬಿಟ್ಟದ್ದು 1869ರ ಕಾಯಿದೆಯಿಂದ.

ನಡುವೆ ಬಂದ ಒಂದು ಬದಲಾವಣೆಯನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. 1759ರ ಒಂದು ಕಾಯಿದೆ ಪ್ರಕಾರ, ಇದ್ದಬದ್ದದ್ದನ್ನು ಒಪ್ಪಿಸಲು ತಯಾರಾದ ಸಾಲಗಾರನನ್ನೂ ಒಳಗೇ ಇಡಬೇಕು ಎಂದು ಸಾಲ ಕೊಟ್ಟವನು ಹಟ ಹಿಡಿದರೆ, ಅವನ ಊಟಕ್ಕೆ ದಿನಕ್ಕೆ ನಾಲ್ಕು ಪೆನ್ನಿ ತಾನೇ ಕೊಡಬೇಕು. ಖರ್ಚು ಕೈದಿಯ ಜೇಬಿನಿಂದ ಹಿಡಿದಿಟ್ಟವನ ಜೇಬಿಗೆ ಸರಿಯಿತು.

ನಮ್ಮ ಕೋರ್ಟುಗಳಿಗೂ ಈ ಏರ್ಪಾಡು ಹೊಸದಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಹಣದ ಡಿಕ್ರಿಗೆ, ಅಂದರೆ ಇಷ್ಟು ಹಣ ಕೊಡು ಎಂಬ ಕೋರ್ಟಿನ ತೀರ್ಪಿಗೆ, ಸಾಲಗಾರನನ್ನು ಸಿವಿಲ್ ಜೈಲಿಗೆ ಕಳಿಸಲು ಇನ್ನೂ ಅವಕಾಶವಿದೆ. ಮೂರು ತಿಂಗಳು ಅದರ ಮಿತಿ. ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತಿಲ್ಲ. ಕೈಯಲ್ಲಿ ಇಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಒಳಗೆ ಹಾಕುವಂತಿಲ್ಲ ಎಂದು 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಹೇಳಿದೆ. ಇದ್ದೂ ಕೊಡದವನಿಗೆ ಮಾತ್ರ ಅದು. ತೀರ್ಪನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಹಾಕಿ ಸಾಲಗಾರನನ್ನು ಜೈಲಿಗೆ ಕಳಿಸುವ ಡಿಕ್ರಿದಾರ ಅವನ ಊಟದ ಭತ್ಯೆಯನ್ನು ಕಟ್ಟುತ್ತಾ ಹೋಗಬೇಕು. ಕಟ್ಟುವುದು ತಪ್ಪಿದರೆ ಸಾಲಗಾರನನ್ನು ಬಿಡಬೇಕು. ಸಾಲ ಅಲ್ಲಿಗೆ ತೀರುವುದಿಲ್ಲ, ಆದರೆ ಅದೇ ಡಿಕ್ರಿಗಾಗಿ ಅವನನ್ನು ಮತ್ತೆ ಹಿಡಿಯುವಂತಿಲ್ಲ.